ಸೌದೆ ಕೊಟ್ಟಿಗೆಯಲ್ಲಿ ಬೀದಿನಾಯಿ ಮರಿ ಹಾಕಿದೆ, ಏನು ಮಾಡುವುದು?

ಆಲ್ದೂರು ಕಡೆಯಿಂದ, ಪ್ರಶ್ನೆ:

ನಮ್ಮದು ತೋಟದ ಮನೆ. ಬಚ್ಚಲ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಎಲ್ಲಿಂದಲೋ ಬಂದ ಹೆಣ್ಣುನಾಯಿ ಮರಿ ಹಾಕಿದೆ. ನಸುಕಿನಲ್ಲಿ ಒಲೆಗೆ ಸೌದೆ ತೆಗೆಯಲು ಬಗ್ಗಿದ ಅತ್ತೆಯನ್ನು ನೋಡಿ ಗುರ್ರೆಂದು ಹಲ್ಲು ಕಿರಿದಿದೆ, ಕಚ್ಚಿಲ್ಲ. ಮನೆಯಲ್ಲಿ ಐದು ವರ್ಷದ ಮಗುವಿದೆ. ಕಾಫಿ ಕುಯ್ಲಿನ ಕಾಲ ಬೇರೆ, ಕಣದಲ್ಲಿ ದಿನವಿಡೀ ಜನ. ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ದೂರ ಬಿಟ್ಟು ಬರೋಣ ಎನ್ನುತ್ತಾರೆ ಮಾವ. ಅತ್ತೆಗೆ ಅದಕ್ಕೆ ಮನಸ್ಸಿಲ್ಲ, ಹಾಗೆಂದು ಭಯವೂ ಹೋಗಿಲ್ಲ. ಹೀಗೆ ಆದವರು ಏನು ಮಾಡಿದಿರಿ?

ಮೂಡಿಗೆರೆಯಿಂದ:

ಅಕ್ಕ, ಮೊದಲು ಆ ಗೋಣಿಚೀಲವನ್ನು ಅಡಗಿಸಿಡಿ, ಆಮೇಲೆ ಮಾತು. ನಮ್ಮಲ್ಲಿಯೂ ಕುಯ್ಲಿನ ನಡುವೆಯೇ ಇದಾದದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶೆಡ್ಡಿನ ಮೂಲೆಯಲ್ಲಿ. ಕಾರ್ತಿಕದ ಸುಮಾರಿಗೆ ಬೆದೆಗೆ ಬಂದ ನಾಯಿಗೆ ಎರಡು ತಿಂಗಳ ಗರ್ಭ. ಲೆಕ್ಕ ನೇರವಾಗಿ ಪುಷ್ಯದ ಚಳಿಗೇ ಬಂದು ನಿಲ್ಲುತ್ತದೆ. ಒಣ ನೆಲ, ಗಾಳಿ ನುಗ್ಗದ ಮೂಲೆ, ಗೋಡೆಯಾಚೆ ಬಚ್ಚಲೊಲೆಯ ಕಾವು. ನಿಮ್ಮ ಮನೆಯ ಅತ್ಯುತ್ತಮ ಕೋಣೆಯನ್ನೇ ಅದು ಆರಿಸಿಕೊಂಡಿದೆ.

ಅದು ಗುರುಗುಟ್ಟಿದ್ದು ಒಳ್ಳೆಯದೇ ಆಯಿತು. ಎಚ್ಚರಿಸುವ ನಾಯಿಯೊಂದಿಗೆ ಹೇಗಾದರೂ ಏಗಬಹುದು. ನಮ್ಮ ನಾಯಿಯನ್ನು ನಾನು ಅಡುಗೆಮನೆಯ ಕಿಟಕಿಯಿಂದ ಗಮನಿಸುತ್ತಿದ್ದೆ. ಶೆಡ್ಡಿನ ಎರಡನೆಯ ಕಂಬದವರೆಗೆ ಯಾರು ಬಂದರೂ ಮಲಗಿದಲ್ಲೇ ಕಣ್ಣು ಹೊರಳಿಸುವುದಷ್ಟೇ. ಕಂಬ ದಾಟಿದರೆ ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತಿತ್ತು, ಮೇಲ್ದುಟಿಯ ಒಂದು ಬದಿ ಅದುರುತ್ತಿತ್ತು, ಗಂಟಲಿನ ಸದ್ದು ಆಮೇಲೆ. ಅಲ್ಲಿಗೆ ಅದರ ಗಡಿ ಯಾವುದೆಂದು ತಿಳಿಯಿತು. ನಿಮ್ಮದಕ್ಕೂ ಅಂಥದೊಂದು ಗೆರೆ ಇದ್ದೇ ಇರುತ್ತದೆ, ದೂರದಿಂದಲೇ ಪತ್ತೆ ಮಾಡಿ.

ಸೌದೆಯ ಜಾಗವನ್ನು ಇವತ್ತೇ ಬದಲಿಸಿ. ನಾಯಿ ಹೊರಗೆ ಹೋದ ಹೊತ್ತಿಗೆ ಗಂಡಸರು ವಾರಕ್ಕಾಗುವಷ್ಟು ಸೌದೆಯನ್ನು ಎತ್ತಿ ಬಚ್ಚಲ ಮುಂಬದಿಗೆ ಒಟ್ಟಲಿ. ಅತ್ತೆಗೆ ಆ ಕಡೆ ಕೆಲಸವೇ ಇರಬಾರದು. ಅನ್ನವನ್ನು ಕೊಟ್ಟಿಗೆಯಿಂದ ದೂರದಲ್ಲಿ, ದಿನವೂ ಒಂದೇ ಹೊತ್ತಿಗೆ, ಮನೆಯ ಒಬ್ಬರೇ ಇಡಲಿ. ಬೇಯಿಸಿದ ಕೋಳಿ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಮರಿಗಳಿಗೆಂದು ಹಸುವಿನ ಹಾಲು ಇಡುವುದೂ ಬೇಡ, ಭೇದಿ ಹಿಡಿಯುತ್ತದೆ. ತಾಯಿಯ ಹೊಟ್ಟೆ ತುಂಬಿದರೆ ಮರಿಗಳದೂ ತುಂಬಿದಂತೆ.

ಮರಿ ನೋಡಲು ಯಾರನ್ನೂ ಬಿಡಬೇಡಿ. ನಮ್ಮಲ್ಲಿ ಹಣ್ಣು ಕುಯ್ಯಲು ಬಂದವರ ಮಕ್ಕಳು ಗುಂಪುಗೂಡಿ ಇಣುಕಿದ್ದೇ ತಡ, ನಾಯಿ ರಾತ್ರೋರಾತ್ರಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಿಲ್ವರ್ ಮರಗಳ ಸಾಲಿನ ಚರಂಡಿಗೆ ಸಾಗಿಸಿತು. ಆ ಇಬ್ಬನಿಗೆ ಎರಡು ಮರಿಗಳು ಉಳಿಯಲಿಲ್ಲ. ಹತ್ತು ಹದಿನಾಲ್ಕು ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ. ಮೂರು ನಾಲ್ಕು ವಾರಕ್ಕೆ ತಾವೇ ತೆವಳಿಕೊಂಡು ಅಂಗಳಕ್ಕೆ ಬರುತ್ತವೆ, ಅಷ್ಟರಲ್ಲಿ ತಾಯಿಯ ಬಿಗಿಯೂ ಸಡಿಲವಾಗುತ್ತದೆ.

ಹಾಸನದಿಂದ:

ಗೋಣಿಚೀಲದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬರು ಇದನ್ನೇ ಮಾಡಿದರು. ತಾಯಿ ರಾತ್ರಿಯಿಡೀ ಊಳಿಟ್ಟಿತು, ಹಾಲು ಕಟ್ಟಿ ಮೊಲೆ ಬಾತು ನಡೆಯಲಾರದೆ ಒದ್ದಾಡಿತು. ಅದುವರೆಗೆ ಯಾರ ತಂಟೆಗೂ ಹೋಗದಿದ್ದ ನಾಯಿ ಆಮೇಲೆ ಬೈಕುಗಳನ್ನು ಅಟ್ಟಿಸಿಕೊಂಡು ಹೋಗಲು ಶುರುಮಾಡಿತು. ಇನ್ನು ಕಾನೂನು: ಹಸಿವು ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆದು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮಾವನವರಿಗೆ ಇದನ್ನು ನೀವು ಹೇಳುವುದಕ್ಕಿಂತ ಮಗನ ಬಾಯಲ್ಲಿ ಹೇಳಿಸಿದರೆ ಒಳ್ಳೆಯದು.

ಅರಸೀಕೆರೆಯಿಂದ:

ಯಾರೂ ಚಿರತೆಯ ಮಾತೆತ್ತಲಿಲ್ಲ! ನಮ್ಮ ಕಡೆಯ ಬಂಡೆಗುಡ್ಡಗಳಲ್ಲಿ ಅದು ಹೊಸದೇನಲ್ಲ, ನಿಮ್ಮ ತೋಟಗಳಲ್ಲೂ ಅಲ್ಲ. ಅದಕ್ಕೆ ನಾಯಿ ಸುಲಭದ ಊಟ. ಸಂಜೆ ಇಟ್ಟ ಅನ್ನದ ಪಾತ್ರೆಯನ್ನು ಕತ್ತಲಾಗುವ ಮೊದಲೇ ಎತ್ತಿಬಿಡಿ, ಬಚ್ಚಲ ಹಿಂದೆ ರಾತ್ರಿ ಒಂದು ಬಲ್ಬ್ ಉರಿಯಲಿ. ನಾಯಿ ಒಂದೇ ಸಮನೆ ಬೊಗಳುತ್ತಿದ್ದು ಥಟ್ಟನೆ ನಿಲ್ಲಿಸಿದರೆ, ಏನಾಯಿತೆಂದು ಬಾಗಿಲು ತೆರೆದು ಹೊರಡಬೇಡಿ.

ಚಿಕ್ಕಮಗಳೂರಿನಿಂದ:

ನಾನು ಚುಚ್ಚುಮದ್ದಿನ ಕೋಣೆಯಲ್ಲಿ ದುಡಿದು ನಿವೃತ್ತಳಾದವಳು. ‘ಕಚ್ಚಿಲ್ಲ’ ಎನ್ನುವುದನ್ನು ನಾನು ಸುಲಭವಾಗಿ ನಂಬುವುದಿಲ್ಲ. ಅತ್ತೆಯವರ ಕೈಯನ್ನು ಹಗಲು ಬೆಳಕಿನಲ್ಲಿ ಬೆರಳು ಸಂದಿಯವರೆಗೂ ನೋಡಿ. ರಕ್ತ ಬರದ ಗೀರಾಗಿದ್ದರೂ ರೇಬೀಸ್ ಲಸಿಕೆ ಬೇಕು. ಚರ್ಮ ತೂತಾಗಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ. ಮುಂದೆ ಯಾರಿಗೇ ಆಗಲಿ, ಹಲ್ಲು ತಾಗಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ನಮ್ಮ ಮಲೆನಾಡಿನ ಸರ್ವರೋಗದ ಮದ್ದಾದ ಕಾಫಿಪುಡಿ, ಯಾವುದನ್ನೂ ಮೆತ್ತಬೇಡಿ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆಯನ್ನು ಬಿಡಿ, ಅದು ಹಳೆಯ ಕಾಲದ್ದು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವುದಾದರೆ 0 (ಅಂದರೆ ಮೊದಲ ಡೋಸಿನ ದಿನ), 3, 7, 28ನೆಯ ದಿನ. ಸ್ನಾಯುವಿಗಾದರೆ 14ನೆಯ ದಿನವೂ ಸೇರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹತ್ತು ದಿನ ಕಳೆದರೂ ನಾಯಿ ಆರೋಗ್ಯವಾಗಿದ್ದರೆ ಅದರಿಂದ ರೇಬೀಸ್ ತಗುಲಿಲ್ಲವೆಂದು ತಿಳಿಯಬಹುದು; ಆದರೆ ಅದನ್ನು ಕಾಯುತ್ತಾ ಮೊದಲ ಡೋಸ್ ತಪ್ಪಿಸಬಾರದು. ರೋಗದ ಲಕ್ಷಣ ಕಂಡ ಮೇಲೆ ಬದುಕಿಸುವ ಔಷಧವಿಲ್ಲ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಕುಯ್ಲಿಗೆ ಬರುವ ಕೆಲಸದವರ ವಿಷಯದಲ್ಲಿ. ಎರಡು ಡೋಸ್ ಆಗುತ್ತಲೇ ಊರಿಗೆ ಹೊರಟುಬಿಡುತ್ತಾರೆ. ಚೀಟಿ ಜೊತೆಗಿದ್ದರೆ ಅಲ್ಲಿನ ಆಸ್ಪತ್ರೆಯಲ್ಲಿ ಮುಂದುವರಿಸಬಹುದು, ಇದನ್ನು ಅವರಿಗೆ ನೀವೇ ಬಿಡಿಸಿ ಹೇಳಬೇಕು. ಮಗುವಿನ ಮಾತು ಇನ್ನೊಂದು ಬಗೆಯದು. ಮರಿ ಕಚ್ಚಿದರೆ ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಬಾಯಿ ಬಿಡುವುದಿಲ್ಲ. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟುಬಿಡಿ. ಮರಿಯ ಹಲ್ಲಾದರೂ ಚಿಕಿತ್ಸೆ ಅದೇ.

ಸಕಲೇಶಪುರದಿಂದ:

ಎಲ್ಲರೂ ಅನ್ನ ಹಾಕಿ ಎನ್ನುತ್ತೀರಿ. ಈ ಮರಿಗಳಲ್ಲಿ ಮೂರು ಹೆಣ್ಣಾದರೆ ಇನ್ನೆರಡು ವರ್ಷಕ್ಕೆ ಆ ಕಣದಲ್ಲಿ ಕಾಫಿ ಒಣಗಿಸಲು ಜಾಗವಿರುವುದಿಲ್ಲ. ಅನ್ನ ಹಾಕುವ ಕೈಯೇ ಸಂತಾನಹರಣ ಚಿಕಿತ್ಸೆಗೂ ಓಡಾಡಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಚಿಕಿತ್ಸೆ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಪಂಚಾಯಿತಿಗೆ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮರಿಗಳು ಹಾಲು ಬಿಡುವವರೆಗೆ ತಾಯಿಯನ್ನು ಹಿಡಿಯುವಂತಿಲ್ಲ. ಆಮೇಲೂ ಅವರು ಅಲುಗಾಡದಿದ್ದರೆ ನಾಲ್ಕು ಮನೆಯವರು ಖರ್ಚು ಹಂಚಿಕೊಂಡು ಪಶುವೈದ್ಯರಲ್ಲಿ ಮಾಡಿಸಿ; ಕಾಯುತ್ತಾ ಕುಳಿತರೆ ಇನ್ನೊಂದು ಕಾರ್ತಿಕ ಬಂದುಬಿಡುತ್ತದೆ.

ಆಲ್ದೂರಿನಿಂದ, ಮತ್ತೆ:

ಅತ್ತೆಯ ಕೈಯಲ್ಲಿ ಗೀರು ಕಾಣಲಿಲ್ಲ, ಭೂತಗನ್ನಡಿ ಹಿಡಿದು ನೋಡಿದೆವು. ಸೌದೆ ಮುಂದಕ್ಕೆ ಬಂದಿದೆ. ಅನ್ನ ಇಡುವ ಕೆಲಸವನ್ನು ಮಾವನೇ ವಹಿಸಿಕೊಂಡಿದ್ದಾರೆ, ‘ಮರಿ ದೊಡ್ಡದಾಗುವವರೆಗೆ ಮಾತ್ರ’ ಎಂಬ ಷರತ್ತಿನೊಂದಿಗೆ. ಮರಿಗಳನ್ನು ಯಾವಾಗ ಕೊಡಬಹುದು?

ಮೂಡಿಗೆರೆಯಿಂದ:

ಏಳೆಂಟು ವಾರ ತುಂಬಿದ ಮೇಲೆ. ಅಷ್ಟರೊಳಗೆ ಜಂತುಹುಳುವಿನ ಔಷಧ ಆಗಿರಲಿ, ಮೊದಲ ಲಸಿಕೆಯೂ ಆ ವಯಸ್ಸಿಗೇ ಬರುತ್ತದೆ. ಆ ಲಸಿಕೆ ತಡೆಯುವ ಪಾರ್ವೊ ಎಂಬ ವೈರಸ್ ರೋಗ ತಗುಲಿದರೆ ರಕ್ತಭೇದಿಯಾಗಿ ಮರಿ ಒಂದೆರಡು ದಿನದಲ್ಲೇ ಹೋಗಿಬಿಡಬಹುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಅದನ್ನು ಒಯ್ಯುವವರೇ ಹಾಕಿಸಬೇಕೆಂದು ಒಪ್ಪಿಸಿಕೊಳ್ಳಿ. ಗಂಡು ಮರಿಗೆ ಜನ ತಾವಾಗಿ ಬರುತ್ತಾರೆ. ಹೆಣ್ಣು ಮರಿಗಳಿಗೆ ಈಗಿನಿಂದಲೇ ಅಕ್ಕಪಕ್ಕದ ತೋಟಗಳಲ್ಲಿ ಕೇಳಿಡಿ, ಸಂತಾನಹರಣ ಚಿಕಿತ್ಸೆಯ ಖರ್ಚಿನಲ್ಲಿ ಅರ್ಧ ನಾವೇ ಕೊಡುತ್ತೇವೆಂದರೆ ಕೆಲವರಾದರೂ ಒಪ್ಪುತ್ತಾರೆ.