ಪದಚರ್ಚೆ: ‘ಪೋಲ್ ಟ್ಯಾಕ್ಸ್’ ಎಂಬುದಕ್ಕೆ ತಲೆಗಂದಾಯವೇ, ಮತದಾನ ತೆರಿಗೆಯೇ? (ಮಿಫ್ಲಿನ್ ಗಿಬ್ಸ್ ಜೀವನಚರಿತ್ರೆಯ ಸಂದರ್ಭದಲ್ಲಿ)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮಿಫ್ಲಿನ್ ವಿಸ್ಟರ್ ಗಿಬ್ಸ್ ಅವರ ಕಿರುಪರಿಚಯವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 1823ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕಪ್ಪು ಜನಾಂಗದ ಗಿಬ್ಸ್, ಬಡಗಿ ಕೆಲಸ ಕಲಿತು, ಚಿನ್ನದ ಹುಡುಕಾಟದ ದಿನಗಳಲ್ಲಿ, 1850ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಜೊತೆಯಲ್ಲಿ ದುಡಿಯಲು ಬಿಳಿಯ ಬಡಗಿಗಳು ಒಪ್ಪದ್ದರಿಂದ ಬೂಟಿಗೆ ಪಾಲಿಶ್ ಹಾಕಿ ಹೊಟ್ಟೆ ಹೊರೆದರು. ಸ್ವಲ್ಪ ಕಾಲದಲ್ಲೇ ಪೀಟರ್ ಲೆಸ್ಟರ್ ಅವರೊಡನೆ ಪಾಲುದಾರರಾಗಿ ಬೂಟಿನ ದೊಡ್ಡ ಅಂಗಡಿಯನ್ನೇ ತೆರೆದರು. ವಕೀಲಿಕೆ, ರಾಜಕಾರಣ ಎಲ್ಲವೂ ಆಮೇಲಿನವು.

ನನ್ನ ತೊಡಕು ಈ ಅಂಗಡಿಯ ಕಾಲದ್ದು. 1857ರಲ್ಲಿ ಇಬ್ಬರೂ ‘ಪೋಲ್ ಟ್ಯಾಕ್ಸ್’ ಕಟ್ಟಲು ನಿರಾಕರಿಸಿದರು. ನಮಗೆ ಮತದಾನದ ಹಕ್ಕಿಲ್ಲ, ಹಾಗಿರುವಾಗ ಈ ತೆರಿಗೆ ಏಕೆ ಎಂಬುದು ಅವರ ವಾದ. ಅಧಿಕಾರಿಗಳು ಅಂಗಡಿಯ ಸರಕನ್ನು ಜಪ್ತಿ ಮಾಡಿ ಹರಾಜಿಗಿಟ್ಟರು. ಆದರೆ ಕೂಗಲು ಯಾರೂ ಮುಂದೆ ಬರಲಿಲ್ಲ. ಸರಕು ಅಂಗಡಿಗೇ ಮರಳಿತು. ಆ ರಾಜ್ಯದಲ್ಲಿ ಬಿಳಿಯನ ವಿರುದ್ಧ ಕಪ್ಪು ಮನುಷ್ಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಂತೆಯೂ ಇರಲಿಲ್ಲ. ಲೆಸ್ಟರ್ ಅವರನ್ನು ಗಿರಾಕಿಯೊಬ್ಬ ಅಂಗಡಿಯೊಳಗೇ ಬೆತ್ತದಿಂದ ಹೊಡೆದಾಗ ಅವರು ದೂರು ಕೊಟ್ಟು ಫಲವಿರಲಿಲ್ಲ. ತೆರಿಗೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಆ ನಿರಾಕರಣೆಯ ಧೈರ್ಯ ಎಂಥದ್ದೆಂದು ತಿಳಿಯುತ್ತದೆ.

ನಮ್ಮ ಪತ್ರಿಕೆಗಳಲ್ಲಿ ಈ ಪದಕ್ಕೆ ‘ಮತದಾನ ತೆರಿಗೆ’ ಎಂದು ಬರೆದದ್ದನ್ನು ನೋಡಿದ್ದೇನೆ. ಇಲ್ಲಿ ಹಾಗೆ ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ. ಮತವೇ ಇಲ್ಲದವರು ಮತದಾನ ತೆರಿಗೆ ಕಟ್ಟಬೇಕಿತ್ತು ಎಂದು ಓದಿದವರು ಏನು ತಿಳಿಯಬೇಕು? ಇಂಗ್ಲಿಷಿನಲ್ಲಿ ‘ಪೋಲ್’ ಎಂದರೆ ಮೊದಲಿಗೆ ತಲೆ. ಕ್ಯಾಲಿಫೋರ್ನಿಯಾದ್ದು ತಲೆಗಿಷ್ಟು ಎಂದು ಎತ್ತುತ್ತಿದ್ದ ತೆರಿಗೆ. ಹಾಗಾಗಿ ‘ತಲೆಗಂದಾಯ’ವೇ ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಶಾಲೆಯ ಇತಿಹಾಸ ಪಾಠದಲ್ಲಿ ಈ ಪದ ಜಿಜಿಯಾದೊಂದಿಗೇ ಬರುವುದರಿಂದ, ಓದುಗರು ಇದನ್ನೂ ಧರ್ಮದ ಆಧಾರದ ತೆರಿಗೆ ಎಂದುಕೊಂಡಾರೆಂಬ ಅಳುಕಿದೆ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. 1858ರಲ್ಲಿ ಗಿಬ್ಸ್ ಆಗ ಬ್ರಿಟಿಷ್ ಆಡಳಿತದಲ್ಲಿದ್ದ, ಈಗ ಕೆನಡಾದಲ್ಲಿರುವ ವಿಕ್ಟೋರಿಯಾ ನಗರಕ್ಕೆ ಹೋದರು. ಅಲ್ಲಿ ವ್ಯಾಪಾರ ಮಾಡಿ, 1866ರಲ್ಲಿ ನಗರಸಭೆಗೆ ಆಯ್ಕೆಯಾದರು. ಅಮೆರಿಕಕ್ಕೆ ಮರಳಿ ಅರ್ಕನ್ಸಾದ ಲಿಟ್ಲ್ ರಾಕ್‌ನಲ್ಲಿ ನೆಲೆಸಿ ವಕೀಲರಾದರು. 1890ರ ದಶಕದಲ್ಲಿ ಅದೇ ಅರ್ಕನ್ಸಾದಲ್ಲಿ ‘ಪೋಲ್ ಟ್ಯಾಕ್ಸ್’ ಕಟ್ಟಿದ ರಸೀದಿ ಇಲ್ಲದವರು ಮತ ಹಾಕುವಂತಿಲ್ಲ ಎಂದಾಯಿತು. ದಕ್ಷಿಣದ ಹಲವು ರಾಜ್ಯಗಳಲ್ಲಿ ಕಪ್ಪು ಜನರನ್ನೂ ಬಡವರನ್ನೂ ಮತಗಟ್ಟೆಯಿಂದ ದೂರವಿಡಲು ಬಳಸಿದ ಉಪಾಯವಿದು. ಒಂದೇ ಬದುಕಿನಲ್ಲಿ ಒಂದೇ ಪದ ಮೊದಲು ಹಕ್ಕಿಲ್ಲದವರ ಮೇಲಿನ ಹೊರೆ, ಆಮೇಲೆ ಹಕ್ಕಿದ್ದವರಿಗೆ ಹಾಕಿದ ತಡೆ. ಎರಡಕ್ಕೂ ‘ತಲೆಗಂದಾಯ’ ಎಂದೇ ಬರೆದು ಸಂದರ್ಭದಲ್ಲಿ ವಿವರಿಸುವುದೇ, ಅಥವಾ ಎರಡನೆಯದಕ್ಕೆ ‘ಮತದಾನ ತೆರಿಗೆ’ ಎನ್ನುವುದೇ? ನನ್ನ ಒಲವು ಮೊದಲನೆಯದರ ಕಡೆಗೆ. ಪದ ಬೇರೆಯಾದರೆ, ಹಳೆಯ ತೆರಿಗೆಯೇ ಹೊಸ ಆಯುಧವಾದದ್ದು ಓದುಗರಿಗೆ ಕಾಣದೆ ಹೋಗುತ್ತದೆ.

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. 1873ರಲ್ಲಿ ಅವರು ಲಿಟ್ಲ್ ರಾಕ್ ನಗರದ ‘ಪೊಲೀಸ್ ಜಡ್ಜ್’, ಎಂದರೆ ನಗರದ ಸಣ್ಣಪುಟ್ಟ ಅಪರಾಧಗಳನ್ನು ವಿಚಾರಿಸುವ ನ್ಯಾಯಾಧೀಶ, ಆಗಿ ಚುನಾಯಿತರಾದರು. ‘ಪೊಲೀಸ್ ನ್ಯಾಯಾಧೀಶ’ ಎಂದರೆ ನಮ್ಮವರು ಖಾಕಿ ತೊಟ್ಟವರನ್ನು ನೆನೆಯುತ್ತಾರೆ. ‘ನಗರ ನ್ಯಾಯಾಧೀಶ’ ಎಂದರೆ ಸಾಕೇ? ಜನರ ಮತದಿಂದ ಆಯ್ಕೆಯಾದವರೆಂಬುದನ್ನಂತೂ ಬಿಡುವಂತಿಲ್ಲ, ಆ ದೇಶದಲ್ಲಿ ಅಂಥ ಹುದ್ದೆಗೆ ಚುನಾಯಿತರಾದ ಮೊದಲ ಕಪ್ಪು ವ್ಯಕ್ತಿ ಅವರು.

1897ರಲ್ಲಿ ಅವರನ್ನು ಮಡಗಾಸ್ಕರ್‌ನ ಬಂದರು ತಮತಾವೆಗೆ ‘ಕಾನ್ಸುಲ್’ ಆಗಿ, ಎಂದರೆ ಪರದೇಶದ ಊರಿನಲ್ಲಿ ತನ್ನ ದೇಶದ ವ್ಯಾಪಾರ ಮತ್ತು ಪ್ರಜೆಗಳ ಹಿತ ನೋಡುವ ಅಧಿಕಾರಿಯಾಗಿ, ಕಳುಹಿಸಲಾಯಿತು. ‘ರಾಯಭಾರಿ’ ಎಂದರೆ ಹುದ್ದೆ ಇದ್ದುದಕ್ಕಿಂತ ದೊಡ್ಡದಾಗುತ್ತದೆ. ‘ವಾಣಿಜ್ಯ ದೂತ’ ಎಂಬುದು ನಿಘಂಟಿನಲ್ಲಿದೆ, ಬಳಕೆಯಲ್ಲಿ ಕಾಣೆ. ‘ಕಾನ್ಸುಲ್’ ಎಂದೇ ಉಳಿಸೋಣವೆಂದಿದ್ದೇನೆ.

ಹಳೆಯ ಮೈಸೂರು ಅಥವಾ ಮುಂಬಯಿ ಪ್ರಾಂತ್ಯದ ಕಂದಾಯ ದಾಖಲೆಗಳನ್ನು ಓದಿದವರು ಇಲ್ಲಿದ್ದರೆ, ತಲೆಗಿಷ್ಟು ಎಂದು ಎತ್ತುವ ತೆರಿಗೆಗೆ ಧರ್ಮದ ನೆರಳಿಲ್ಲದ ಬೇರೆ ಹೆಸರನ್ನು ಕಂಡಿದ್ದೀರಾ? ದಯವಿಟ್ಟು ತಿಳಿಸಿ.