‘ರೀರೆಕಾರ್ಡಿಂಗ್’, ‘ಹಿನ್ನೆಲೆ ಸಂಗೀತ’, ‘ಧ್ವನಿಸುರುಳಿ’: ವಾದ್ಯವೃಂದದ ಚಿತ್ರಸಂಗೀತಕ್ಕೆ ಯಾವ ಪದಗಳು?

ಮಾನ್ಯರೇ,

1977ರಲ್ಲಿ ತೆರೆಕಂಡ ಹಾಲಿವುಡ್ಡಿನ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಜಾನ್ ವಿಲಿಯಮ್ಸ್ ರಚಿಸಿದ ಸಂಗೀತ ಹೇಗೆ ಧ್ವನಿಮುದ್ರಣಗೊಂಡಿತು, ಆಮೇಲೆ ಹೇಗೆ ಕೇಳುಗರ ಮನೆ ಸೇರಿತು ಎಂಬುದನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಸಂಗತಿಗಳಿಗೆ ಕೊರತೆಯಿಲ್ಲ, ಪದಗಳ ವಿಷಯದಲ್ಲಿ ಮಾತ್ರ ಪುಟಪುಟಕ್ಕೂ ತಡೆಯಾಗುತ್ತಿದೆ. ಸಿನಿಮಾ ಕ್ಷೇತ್ರದಲ್ಲಿ ದುಡಿದವರು, ಸಂಗೀತ ಬಲ್ಲವರು, ನಿಘಂಟಿನ ಕೆಲಸ ಮಾಡಿದವರು ನಮ್ಮ ನಡುವೆ ಇರುವುದರಿಂದ ಈ ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ.

ತೊಡಕು ಮೊದಲು ಕಾಣಿಸಿದ್ದು ‘ರೀರೆಕಾರ್ಡಿಂಗ್’ ಎಂಬ ಪದದಲ್ಲಿ. ನನ್ನ ಕರಡಿನಲ್ಲಿ, ‘ಈ ಚಿತ್ರದ ರೀರೆಕಾರ್ಡಿಂಗ್ ಮಾಡಿದವರಿಗೆ ಧ್ವನಿ ವಿಭಾಗದ ಆಸ್ಕರ್ ಸಂದಿತು’ ಎಂಬ ವಾಕ್ಯವಿತ್ತು. ಅದನ್ನು ಓದಿದ ಗೆಳೆಯರೊಬ್ಬರು, ‘ಹಾಗಾದರೆ ಜಾನ್ ವಿಲಿಯಮ್ಸ್ ಅವರಿಗೆ ಆ ವರ್ಷ ಎರಡು ಪ್ರಶಸ್ತಿ ಬಂತೇ?’ ಎಂದು ಕೇಳಿದರು. ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕನ್ನಡದಲ್ಲಿ, ಒಟ್ಟಾರೆ ದಕ್ಷಿಣ ಭಾರತದ ಚಿತ್ರರಂಗದಲ್ಲಿ, ರೀರೆಕಾರ್ಡಿಂಗ್ ಎಂದರೆ ಚಿತ್ರೀಕರಣ ಮುಗಿದ ಮೇಲೆ ಸಂಗೀತ ನಿರ್ದೇಶಕರು ರೀಲುಗಳನ್ನು ನೋಡಿ ಹಿನ್ನೆಲೆ ಸಂಗೀತ ಕಟ್ಟಿ ನುಡಿಸಿಸುವ ಕೆಲಸ. ‘ಹಾಡುಗಳು ಸುಮಾರಾಗಿವೆ, ರೀರೆಕಾರ್ಡಿಂಗ್ ಮಾತ್ರ ಅದ್ಭುತ’ ಎಂದು ಪ್ರೇಕ್ಷಕರೂ ಹೇಳುತ್ತಾರೆ. ಹಾಲಿವುಡ್ಡಿನಲ್ಲಿ ಇದೇ ಪದಕ್ಕೆ ಬೇರೆಯೇ ಅರ್ಥವಿದೆ. ಮಾತು, ಸಂಗೀತ, ಸದ್ದು ಇವನ್ನು ಬೇರೆಬೇರೆಯಾಗಿ ಮುದ್ರಿಸಿಕೊಂಡ ಬಳಿಕ, ಅವನ್ನು ಹದವರಿತು ಬೆರೆಸಿ ಅಂತಿಮ ರೂಪದಲ್ಲಿ ಮತ್ತೊಮ್ಮೆ ಮುದ್ರಿಸುವ ಕೆಲಸವನ್ನು ಅಲ್ಲಿ ಆ ಹೆಸರಿನಿಂದ ಕರೆಯುತ್ತಾರೆ. ನಾವು ‘ಮಿಕ್ಸಿಂಗ್’ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಆ ವರ್ಷ ಸಂಗೀತದ ಪ್ರಶಸ್ತಿ ವಿಲಿಯಮ್ಸ್ ಅವರಿಗೂ ಧ್ವನಿಯ ಪ್ರಶಸ್ತಿ ಬೇರೆಯವರಿಗೂ ಸಂದಿತ್ತು. ನನ್ನ ವಾಕ್ಯವು ಕನ್ನಡದ ಓದುಗರ ಪಾಲಿಗೆ ಎರಡನ್ನೂ ಒಂದೇ ಮಾಡಿತು.

ಹಾಗೆಂದು ನಮ್ಮ ಬಳಕೆಯನ್ನು ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಹಲವು ದಶಕ ಸಾವಿರಾರು ಜನ ಒಂದೇ ಅರ್ಥದಲ್ಲಿ ಆಡಿದ ಪದ ಅದು, ಕನ್ನಡದ್ದೇ ಆಗಿಹೋಗಿದೆ. ಆದ್ದರಿಂದ ನನ್ನ ಲೇಖನದಲ್ಲಿ ಹಾಲಿವುಡ್ಡಿನ ಅರ್ಥಕ್ಕೆ ‘ಧ್ವನಿಮಿಶ್ರಣ’ ಎಂದು ಬರೆದು, ‘ರೀರೆಕಾರ್ಡಿಂಗ್’ ಪದವನ್ನು ನಮ್ಮ ಅರ್ಥಕ್ಕೇ ಮೀಸಲಿಡುವುದೆಂದು ನಿರ್ಧರಿಸಿದ್ದೇನೆ. ಇದಕ್ಕೆ ಆಕ್ಷೇಪವಿದ್ದರೆ ದಯವಿಟ್ಟು ತಿಳಿಸಿ.

ಇದಕ್ಕಿಂತ ಗಟ್ಟಿಯಾದ ಗಂಟು ‘ಸ್ಕೋರ್’ ಎಂಬ ಪದದ್ದು. ಇಂಗ್ಲಿಷಿನಲ್ಲಿ ಇದರ ಮೂಲ ಅರ್ಥ ಗೀರು, ಕಚ್ಚು. ಲೆಕ್ಕಕ್ಕಾಗಿ ಕೋಲಿನ ಮೇಲೆ ಕೊರೆದ ಗುರುತು. ಸಂಗೀತದಲ್ಲಿ ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದು ಬರೆದ ಹಾಳೆಗೆ ಆ ಹೆಸರಾಯಿತು, ಅಲ್ಲಿಂದ ಚಿತ್ರಕ್ಕಾಗಿ ರಚಿಸಿದ ಸಂಗೀತಕ್ಕೂ ಅದೇ ಹೆಸರು ನಿಂತಿತು. ಕನ್ನಡದಲ್ಲಿ ಈ ಎರಡೂ ಅರ್ಥಗಳನ್ನು ಹೊರುವ ಒಂದೇ ಪದ ನಮಗಿಲ್ಲ, ಬೇಕೆಂದೂ ನನಗೆ ಅನ್ನಿಸುವುದಿಲ್ಲ. ಹಾಳೆಗೆ ‘ಸ್ವರಲಿಪಿ’ ಎನ್ನಬಹುದು. ವಿಲಿಯಮ್ಸ್ ಬರೆದ ಕರಡನ್ನು ಹರ್ಬರ್ಟ್ ಸ್ಪೆನ್ಸರ್ ಮುಂತಾದವರು ವಾದ್ಯವಾದ್ಯಕ್ಕೂ ಹಂಚಿ ವಿಸ್ತರಿಸಿದ್ದನ್ನು ‘ವಾದ್ಯಸಂಯೋಜನೆ’ ಎಂದರೆ ನಮ್ಮವರಿಗೆ ತಿಳಿಯುತ್ತದೆ.

ಕೇಳಿಬರುವ ಸಂಗೀತಕ್ಕೆ ‘ಹಿನ್ನೆಲೆ ಸಂಗೀತ’ ಎಂಬ ಪದ ಸಿದ್ಧವಾಗಿಯೇ ಇದೆ. ಆದರೆ ಅದನ್ನು ಬಳಸುವಾಗಲೆಲ್ಲ ಮನಸ್ಸು ಹಿಂಜರಿಯುತ್ತದೆ. ಈ ಚಿತ್ರ ತೊಡಗುವುದೇ ಸಂಗೀತದಿಂದ. ಪರದೆಯ ಮೇಲೆ ಹಳದಿ ಅಕ್ಷರಗಳು ದೂರಕ್ಕೆ ಸರಿಯುತ್ತಿರುವಾಗ ಮಾತಿಲ್ಲ, ಸದ್ದಿಲ್ಲ, ವಾದ್ಯವೃಂದ ಮಾತ್ರ ಇದೆ. ಅದು ಯಾವುದರ ಹಿನ್ನೆಲೆ? ಇನ್ನೊಂದು ಕಡೆ, ಮದ್ಯದಂಗಡಿಯ ದೃಶ್ಯದಲ್ಲಿ ವಿಚಿತ್ರ ಜೀವಿಗಳ ತಂಡವೊಂದು ವಾದ್ಯ ನುಡಿಸುತ್ತದೆ, ಅದು ಅಲ್ಲಿರುವ ಪಾತ್ರಗಳಿಗೂ ಕೇಳಿಸುತ್ತದೆ. ಅದೂ ಹಿನ್ನೆಲೆಯಲ್ಲ, ಕಥೆಯೊಳಗಿನ ಸಂಗೀತ. ನಮ್ಮ ಚಿತ್ರಗಳಲ್ಲಿ ಮದುವೆಮನೆಯ ದೃಶ್ಯದಲ್ಲಿ ಕೇಳುವ ಓಲಗವೂ ಈ ಜಾತಿಯದೇ. ಇದನ್ನು ‘ದೃಶ್ಯದೊಳಗಿನ ಸಂಗೀತ’ ಎಂದು ಬಿಡಿಸಿ ಬರೆದಿದ್ದೇನೆ. ಉಳಿದದ್ದಕ್ಕೆ, ಬೇರೆ ದಾರಿ ಕಾಣದೆ, ಹಿನ್ನೆಲೆ ಸಂಗೀತವೆಂದೇ ಇಟ್ಟುಕೊಂಡಿದ್ದೇನೆ. ‘ಚಿತ್ರಸಂಗೀತ’ ಎನ್ನೋಣವೆಂದರೆ ಕನ್ನಡದ ಕಿವಿ ಅದನ್ನು ಕೂಡಲೇ ಹಾಡುಗಳ ಕಡೆಗೆ ಒಯ್ಯುತ್ತದೆ.

ನುಡಿಸಿದವರು ಲಂಡನ್ ಸಿಂಫೋನಿ ಆರ್ಕೆಸ್ಟ್ರಾದವರು. ಸಂಸ್ಥೆಯ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಸಾಮಾನ್ಯ ನಾಮವಾಗಿ ‘ಆರ್ಕೆಸ್ಟ್ರಾ’ ಎಂದರೆ ನಮ್ಮ ಊರುಗಳಲ್ಲಿ ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡವೇ ಕಣ್ಣಮುಂದೆ ಬರುತ್ತದೆ. ‘ವಾದ್ಯಗೋಷ್ಠಿ’ಯನ್ನೂ ಬಹುಮಟ್ಟಿಗೆ ಹಾಗೆಯೇ ಬಳಸುತ್ತೇವೆ. ಆಕಾಶವಾಣಿ ತನ್ನ ವಾದ್ಯಗಾರರ ದೊಡ್ಡ ತಂಡಕ್ಕೆ ‘ವಾದ್ಯವೃಂದ’ ಎಂಬ ಹೆಸರಿಟ್ಟು ಬಳಕೆಗೆ ತಂದಿತ್ತು, ಅದನ್ನೇ ಆರಿಸಿಕೊಂಡೆ. (ಲಂಡನ್ನಿನ ಇನ್ನೊಂದು ವಾದ್ಯವೃಂದವಾದ ಫಿಲ್ಹಾರ್ಮೋನಿಯಾಕ್ಕೆ ಅದರ ಮೊದಲ ವರ್ಷಗಳಲ್ಲಿ ನೆರವಾದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಇಂಥ ಸಂಗೀತದ ಬಗ್ಗೆ ಮಾತಾಡಲು ಕನ್ನಡದಲ್ಲಿ ಪದಗಳಿರಬೇಕೆಂಬ ನನ್ನ ಆಸೆಗೆ ಆ ನಂಟೂ ಒಂದು ಕಾರಣ.)

ಮುದ್ರಣ ನಡೆದದ್ದು ಲಂಡನ್ನಿನ ಹೊರವಲಯದ ಡೆನಮ್‌ನಲ್ಲಿದ್ದ ಆನ್ವಿಲ್ ಸ್ಟುಡಿಯೋದಲ್ಲಿ, 1977ರ ಮಾರ್ಚ್‌ನಲ್ಲಿ. ವಿಲಿಯಮ್ಸ್ ತಾವೇ ವೃಂದವನ್ನು ನಡೆಸಿದರು, ಎರಿಕ್ ಟಾಮ್ಲಿನ್‌ಸನ್ ಧ್ವನಿಮುದ್ರಣ ಮಾಡಿದರು. ಇಲ್ಲಿ ಪದಗಳು ಸುಲಭವಾಗಿ ಒದಗಿದವು. ವಾದ್ಯಗಾರರನ್ನು ಗೊತ್ತುಪಡಿಸಿದ ಗಂಟೆಗಳಿಗೆ ಕರೆಸುವ ಅವಧಿಗೆ ‘ಕಾಲ್‌ಶೀಟ್’ ಎಂಬ ನಮ್ಮ ಸ್ಟುಡಿಯೋ ಪದವೇ ಸಾಕು. ‘ಟೇಕ್’ ಎರಡೂ ಕಡೆ ಒಂದೇ. ಒಂದು ದೃಶ್ಯಕ್ಕೆಂದು ಬರೆದ ಸಂಗೀತದ ಖಂಡವನ್ನು ಇಂಗ್ಲಿಷಿನಲ್ಲಿ ‘ಕ್ಯೂ’ ಎನ್ನುತ್ತಾರೆ. ನಮ್ಮ ವಾದ್ಯಗಾರರು ಆಡುವ ‘ಬಿಟ್’ ಎಂಬ ಪದ ಅದಕ್ಕೆ ಹತ್ತಿರ ಬಂದರೂ, ಹಾಡಿನ ಚರಣಗಳ ನಡುವಿನ ತುಣುಕಿಗೂ ಅದೇ ಪದ ಬಳಕೆಯಲ್ಲಿರುವುದರಿಂದ ಏಳೆಂಟು ನಿಮಿಷ ಓಡುವ ಖಂಡಕ್ಕೆ ಅದು ಕಿರಿದಾಗಿ ಕೇಳುತ್ತದೆ.

ಕೊನೆಯದು ಬಿಡುಗಡೆಯ ಮಾತು. ನಮ್ಮಲ್ಲಿ ಚಿತ್ರಕ್ಕಿಂತ ಮುಂಚೆ ನಡೆಯುವ ‘ಧ್ವನಿಸುರುಳಿ ಬಿಡುಗಡೆ’ ಹಾಡುಗಳ ಬಿಡುಗಡೆ. ಕ್ಯಾಸೆಟ್ ಹೋಗಿ ಸಿ.ಡಿ. ಬಂದ ಮೇಲೂ ಆ ಸುರುಳಿ ಬಿಚ್ಚಿಕೊಳ್ಳಲಿಲ್ಲ. 1977ರಲ್ಲಿ ಬಂದದ್ದು ಎರಡು ತಟ್ಟೆಗಳ ಎಲ್.ಪಿ., ಅದರಲ್ಲಿದ್ದದ್ದು ವಾದ್ಯಸಂಗೀತ. ಆದ್ದರಿಂದ ‘ಧ್ವನಿಮುದ್ರಿಕೆ’ ಎಂದು ಬರೆದೆ. ಅದರ ಮೇಲೆ ಅಚ್ಚಾಗಿದ್ದ ‘ಸೌಂಡ್‌ಟ್ರ್ಯಾಕ್’ ಎಂಬುದನ್ನು ಕೆಲವರು ‘ಧ್ವನಿಪಥ’ ಎಂದು ಅನುವಾದಿಸುತ್ತಾರೆ. ಧ್ವನಿಪಥವೆಂದರೆ ಫಿಲ್ಮಿನ ಅಂಚಿನಲ್ಲಿ ಓಡುವ ಧ್ವನಿಯ ಪಟ್ಟಿ, ಅದರಲ್ಲಿ ಮಾತೂ ಸದ್ದೂ ಇರುತ್ತವೆ. ಈ ಮುದ್ರಿಕೆಯಲ್ಲಿ ಅವಿಲ್ಲ. ಮೇಲಾಗಿ ವಿಲಿಯಮ್ಸ್ ಅದರ ಖಂಡಗಳನ್ನು ಕೇಳುವಿಕೆಗೆ ಹೊಂದುವಂತೆ ಮರುಜೋಡಿಸಿದ್ದರು. ರಾಜಕುಮಾರಿ ಲೀಯಾಳ ಧಾಟಿಯನ್ನು ಕಛೇರಿಯಲ್ಲಿ ನುಡಿಸುವಂತೆ ಬೆಳೆಸಿದ ರೂಪ ಮುದ್ರಿಕೆಯಲ್ಲಿದೆ, ಚಿತ್ರದಲ್ಲಿ ಇಲ್ಲ. ಚಿತ್ರದ ಕ್ರಮದಲ್ಲೇ ಜೋಡಿಸಿದ ಎರಡು ಸಿ.ಡಿ.ಗಳ ಆವೃತ್ತಿ ಬಂದದ್ದು 1997ರಲ್ಲಿ. ಚಿತ್ರದಲ್ಲಿ ಕೇಳುವುದಕ್ಕೂ ಮುದ್ರಿಕೆಯಲ್ಲಿ ಕೇಳುವುದಕ್ಕೂ ಇಷ್ಟು ಅಂತರವಿರುವಾಗ ಎರಡನ್ನೂ ‘ಧ್ವನಿಪಥ’ ಎಂಬ ಒಂದೇ ಪದದಡಿ ತರುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳ ಸಂಗೀತ ಮುದ್ರಣಗೊಳ್ಳುತ್ತಿದ್ದ ಕಾಲದಲ್ಲಿ ವಾದ್ಯಗಾರರು ಒಂದು ದೃಶ್ಯದ ಇಡೀ ಸಂಗೀತಖಂಡಕ್ಕೆ ‘ಬಿಟ್’ ಅಲ್ಲದೆ ಬೇರೆ ಹೆಸರೇನಾದರೂ ಹೇಳುತ್ತಿದ್ದರೇ? ಹಳೆಯ ಕನ್ನಡ ಚಿತ್ರಗಳ ಶೀರ್ಷಿಕೆಗಳಲ್ಲಿ ‘ರೀರೆಕಾರ್ಡಿಂಗ್’ ಎಂಬುದು ಸಂಗೀತ ನಿರ್ದೇಶಕರ ಹೆಸರಿನೊಡನೆ ಬರುತ್ತಿತ್ತೇ, ಧ್ವನಿಗ್ರಾಹಕರ ಹೆಸರಿನೊಡನೆ ಬರುತ್ತಿತ್ತೇ? ಶೀರ್ಷಿಕೆಗಳನ್ನು ನೋಡಿ ಗುರುತು ಹಾಕಿಕೊಂಡವರು ಚಿತ್ರದ ಹೆಸರನ್ನೂ ವರ್ಷವನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ. ‘ಹಿನ್ನೆಲೆ’ ಎಂಬ ಮಾತಿಲ್ಲದೆ ಈ ಸಂಗೀತವನ್ನು ಹೆಸರಿಸಿದ ಬರಹ ಕನ್ನಡದಲ್ಲಿ ಯಾರ ಕಣ್ಣಿಗಾದರೂ ಬಿದ್ದಿದ್ದರೆ ಆ ಪದವನ್ನು ಬಂದ ವಾಕ್ಯದ ಸಮೇತ ಕಳುಹಿಸಿಕೊಡಿ.