ಲಾಂಗ್ ಗ್ರೋವ್‌ನಲ್ಲಿ ಮನೆ: ಬೋರ್‌ವೆಲ್, ಸೆಪ್ಟಿಕ್, ಶಾಲೆ ಬಗ್ಗೆ ಗೊತ್ತಿದ್ದವರು ಹೇಳಿ

ಮಲ್ನಾಡ್ ಹುಡುಗಿ: ಎಲ್ಲರಿಗೂ ನಮಸ್ಕಾರ. ಷಿಕಾಗೋ ಹತ್ತಿರ ಲಾಂಗ್ ಗ್ರೋವ್‌ನಲ್ಲಿ ನಮ್ಮ ಆಫರ್ ಒಪ್ಪಿದ್ದಾರೆ. ಒಂದೆಕರೆ, 3 ಬೆಡ್‌ರೂಮು, ಸ್ವಂತ ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್. ಬೇಸ್‌ಮೆಂಟಿನಲ್ಲಿ ಅತ್ತೆ-ಮಾವನಿಗೆ ರೂಮು ಮಾಡಿಸೋ ಯೋಚನೆ. ಮಕ್ಕಳಿಗೆ 4 ಮತ್ತು 9. ಸ್ಟೀವನ್‌ಸನ್ ಹೈಸ್ಕೂಲೇ ಸಿಗುತ್ತೆ ಅಂತಾರೆ ಏಜೆಂಟ್. ಮುಂದಿನ ವಾರ ಇನ್‌ಸ್ಪೆಕ್ಷನ್, ಭಯ ಆಗ್ತಿದೆ.

ಧಾರವಾಡದಾಂವ: ಏಜೆಂಟ್ ಮಾತ ನಂಬಬ್ಯಾಡ್ರಿ. ವಿಳಾಸದಾಗ ಲಾಂಗ್ ಗ್ರೋವ್ ಅಂತ ಇದ್ದ ಮಾತ್ರಕ್ಕ ಸ್ಟೀವನ್‌ಸನ್ ಆಗೂದಿಲ್ಲ. ಊರಿನ ಒಂದು ಭಾಗಕ್ಕ ಸಣ್ಣ ಮಕ್ಕಳಿಗೆ ಕಿಲ್ಡಿಯರ್ 96ನೇ ಶಾಲಾ ಡಿಸ್ಟ್ರಿಕ್ಟ್, ಆಮ್ಯಾಲೆ ಹೈಸ್ಕೂಲಿಗೆ ಸ್ಟೀವನ್‌ಸನ್ 125. ಇನ್ನೊಂದು ಭಾಗ ಲೇಕ್ ಝ್ಯೂರಿಕ್ 95. ಫ್ರೀಮಾಂಟ್ 79, ಮಂಡಲೈನ್ 120ಕ್ಕ ಹೋಗೂ ಮನಿನೂ ಅದಾವ. ಆ ಮನೀ ಟ್ಯಾಕ್ಸ್ ಬಿಲ್ ತರಿಸ್ರಿ, ಯಾವ ಡಿಸ್ಟ್ರಿಕ್ಟಿಗೆ ಎಷ್ಟು ಅಂತ ಸಾಲುಸಾಲು ಇರ್ತದ.

ನೇಪರ್‌ವಿಲ್ ರಾವ್: ಆ ಊರು ಭಾನುವಾರ ಸುತ್ತಾಡೋಕೆ ಸರಿ. 1906ರ ಸೇತುವೆ, ಹಳೇ ಅಂಗಡಿಬೀದಿ, ಮೇ ತಿಂಗಳಲ್ಲಿ ಚಾಕಲೇಟ್ ಫೆಸ್ಟ್. ಮಕ್ಕಳನ್ನ ಬೆಳೆಸೋ ಊರಲ್ಲ! ಎಷ್ಟೋ ರಸ್ತೆಗೆ ಫುಟ್‌ಪಾತಿಲ್ಲ, ಮಗು ಆಡೋಕೆ ಹೋಗ್ಬೇಕಂದ್ರೂ ಕಾರು ತೆಗೀಬೇಕು. ನೇಪರ್‌ವಿಲ್‌ಗೆ ಬನ್ನಿ, ಅರೋರಾ ಬಾಲಾಜಿ ದೇವಸ್ಥಾನ ಪಕ್ಕದಲ್ಲೇ.

ಸ್ಟೀವನ್‌ಸನ್ ಅಮ್ಮ: ರಾಯರೇ, ಎಲ್ಲಾ ಪೋಸ್ಟಿಗೂ ನೇಪರ್‌ವಿಲ್ಲೇ ಉತ್ತರಾನಾ? ಸ್ಟೀವನ್‌ಸನ್ ಸಿಕ್ಕರೆ ಕಣ್ಮುಚ್ಚಿ ತಗೋಳಿ.

ನೇಪರ್‌ವಿಲ್ ರಾವ್: ಕಣ್ಮುಚ್ಚಿ ತಗೊಂಡೋರೇ ಆಮೇಲೆ ಮಕ್ಕಳಿಗೆ ಕನ್ನಡ ಬರಲ್ಲ ಅಂತ ಅಳೋದು.

ಪಂಪ್ ಪ್ರಕಾಶ: ಜಗಳ ಆಮೇಲೆ. ಅಕ್ಕ, ಬೇಸ್‌ಮೆಂಟ್ ರೂಮೇ ಇಲ್ಲಿ ದೊಡ್ಡ ವಿಷಯ. ಇಲಿನಾಯ್‌ನಲ್ಲಿ ಸೆಪ್ಟಿಕ್ ಲೆಕ್ಕ ಜನರ ಮೇಲಲ್ಲ, ಬೆಡ್‌ರೂಮಿನ ಮೇಲೆ: ಒಂದಕ್ಕೆ ದಿನಕ್ಕೆ 200 ಗ್ಯಾಲನ್. ನಿಮ್ಮದು 600ಕ್ಕೆ ಮಾಡಿದ್ದಾದರೆ ನಾಲ್ಕನೇ ರೂಮಿಗೆ 800 ಬೇಕು. ಜೇಡಿಮಣ್ಣು ನೀರು ಬೇಗ ಹೀರಲ್ಲ, ಫೀಲ್ಡ್ (ಟ್ಯಾಂಕಿನ ನೀರು ಮಣ್ಣಿಗೆ ಇಂಗೋ ಜಾಗ) ದೊಡ್ಡದು ಮಾಡೋಕೆ ಜಾಗ ಉಳಿದಿದೆಯಾ ಕೇಳಿ.

ಇನ್‌ಸ್ಪೆಕ್ಷನ್ ದಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆಸಿ. ಹೊರಹೋಗೋ ಪೈಪಿಗಿಂತ ಮೇಲೆ ನೀರು ನಿಂತಿದ್ದರೆ ಅನುಮಾನ. ಟ್ಯಾಂಕ್ ಖಾಲಿ ಮಾಡಿಸುವಾಗ ಫೀಲ್ಡ್ ಕಡೆಯಿಂದ ನೀರು ವಾಪಸ್ ಸುರಿದರೆ ಫೀಲ್ಡ್ ತುಂಬಿದೆ ಅಂತಲೇ. ಮನೆ ತಿಂಗಳುಗಟ್ಟಲೆ ಖಾಲಿ ಇದ್ದರೆ ಹಾಳಾದ ಫೀಲ್ಡೂ ಒಣಗಿ ಟೆಸ್ಟ್ ಪಾಸಾಗುತ್ತೆ, ಹುಷಾರು. ಆಮೇಲೆ ಮೂರು ವರ್ಷಕ್ಕೊಮ್ಮೆ ಪಂಪ್ ಮಾಡಿಸಿ. ಕರಿದ ಎಣ್ಣೆ, ದೋಸೆಹಿಟ್ಟು ಸಿಂಕಿಗೆ ಬೇಡ. ಫೀಲ್ಡ್ ಮೇಲೆ ಕಾರು ನಿಲ್ಲಿಸಬೇಡಿ. ಪೈಪ್ ಒಡೆಯುತ್ತೆ, ಮಣ್ಣು ಅಮುಕಿಹೋಗುತ್ತೆ.

ಬೋರ್‌ವೆಲ್ ನೀರಿಗೆ ಕೋಲಿಫಾರ್ಮ್ (ಬ್ಯಾಕ್ಟೀರಿಯಾ), ನೈಟ್ರೇಟ್, ಆರ್ಸೆನಿಕ್, ಸೀಸ ಟೆಸ್ಟ್. ಮೊದಲೆರಡು ಪ್ರತಿ ವರ್ಷ. ಸ್ಯಾಂಪಲ್ ಸಾಫ್ಟನರ್‌ಗಿಂತ (ಗಡಸು ನೀರನ್ನ ಮೆದು ಮಾಡೋ ಯಂತ್ರ) ಮುಂಚಿನ ನಲ್ಲಿಯಿಂದ. ಸೀಸಕ್ಕೆ ಮಾತ್ರ ಅಡುಗೆಮನೆ ನಲ್ಲಿಯ ಬೆಳಗಿನ ಮೊದಲ ನೀರು. ಫ್ಲೋರೈಡೂ ಸೇರಿಸಿ: ಹಲ್ಲಿಗೆ ಅಂತ ನಗರದ ನೀರಿಗೆ ಬೆರೆಸೋ ಹಾಗೆ ಬಾವಿಗೆ ಯಾರೂ ಹಾಕಿರಲ್ಲ, ನೆಲದಿಂದ ಬಂದಿರಬಹುದು. ರಿಪೋರ್ಟ್ ನೋಡದೆ ಮಕ್ಕಳಿಗೆ ಫ್ಲೋರೈಡ್ ಡ್ರಾಪ್ಸ್ ಶುರು ಮಾಡಬೇಡಿ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತೆ, ಫ್ಲಶ್‌ಗೂ ನೀರಿರಲ್ಲ. ಜನರೇಟರ್ ತಗೊಂಡರೆ 240 ವೋಲ್ಟ್‌ದು.

ನೇಪರ್‌ವಿಲ್ ರಾವ್: ನೋಡಿ, ನೀರಿಗೇ ಇಷ್ಟು ಒದ್ದಾಟ!

ಕುಂದಾಪ್ರ ಭಟ್ರು: ಮೂವರ್ಸ್‌ಗೆ ಹೇಳಿ, ಮಾಡು ಇರುವ ಆ ಹಳೇ ಸೇತುವೆ ಕಡೆ ಬರಬಾರದು. 8 ಅಡಿ 6 ಇಂಚು ಎತ್ತರ ಅಷ್ಟೇ. 1972ರಲ್ಲಿ ಮಾಡು ಹಾಕಿದ್ದು. 2018ರಲ್ಲಿ ಒಂದು ಟ್ರಕ್ ಗುದ್ದಿ ಹಾಳು ಮಾಡಿತ್ತು, 2020ರಲ್ಲಿ ತೆರೆದ ಮೇಲೂ ಗುದ್ದುವವರು ನಿಂತಿಲ್ಲ.

ಮಲ್ನಾಡ್ ಹುಡುಗಿ: ಸೆಪ್ಟಿಕ್ ಎಷ್ಟು ಬೆಡ್‌ರೂಮಿಗೆ ಮಾಡಿದ್ದು ಅಂತ ಎಲ್ಲಿ ಗೊತ್ತಾಗುತ್ತೆ?

ಸ್ಟೀವನ್‌ಸನ್ ಅಮ್ಮ: ಬೇಸ್‌ಮೆಂಟ್ ಯಾಕೆ, ಹಿರಿಯರಿಗೆ ಮೆಟ್ಟಿಲು ಕಷ್ಟ ಅಲ್ವಾ?

ಪಂಪ್ ಪ್ರಕಾಶ: ಅಕ್ಕ, ಸೆಪ್ಟಿಕ್ ದಾಖಲೆ ಲೇಕ್ ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ. ಟ್ಯಾಕ್ಸ್ ಬಿಲ್‌ನಲ್ಲಿರೋ ಪಾರ್ಸೆಲ್ ನಂಬರ್ ಕೊಟ್ಟು ಹಳೇ ಪರ್ಮಿಟ್, ನಕ್ಷೆ ಕೇಳಿ. ಇನ್‌ಸ್ಪೆಕ್ಷನ್‌ಗೆ ಮುಂಚೆಯೇ ಕೇಳಿ.